ತೆಗೆದುಹಾಕಿದ ಒಂದು ಸಾಲು

ಜನವರಿ ೧೧, ಸಿಂಧನೂರು

ತಪ್ಪು ನನ್ನದೇ. ಬರೆದರೆ ಹಗುರಾದೀತೆಂದು ಕೂತೆ, ಆಗುತ್ತಿಲ್ಲ.

ಹುಡುಗ ಹುಡುಗಿಯರು ದಿನದ ಸುದ್ದಿಯ ಮೇಲೆ ಚರ್ಚೆ ಮಾಡಲೆಂದು ನಾನು ಕಟ್ಟುತ್ತಿರುವ ಆ್ಯಪ್‌ನಲ್ಲಿ, ಯಾರು ಯಾವ ಪಕ್ಷ ವಾದಿಸಬೇಕೆಂದು ಚೀಟಿ ಎತ್ತುತ್ತೇವೆ. ಪ್ರತಿ ಬರಹದ ಕೆಳಗೆ ‘ಇದು ಚೀಟಿಯಲ್ಲಿ ಬಂದ ಪಕ್ಷ’ ಎಂಬ ಸಾಲು ಇರುತ್ತಿತ್ತು. ಮೊಬೈಲ್ ಪರದೆ ಗಿಜಿಗಿಜಿ ಅನಿಸಿ ಹೋದ ವಾರ ತೆಗೆದುಹಾಕಿದೆ. ಚೆಂದ ಕಾಣಲೆಂದು!

ತುರ್ವಿಹಾಳದ ಮೌನೇಶ್ವರಿಗೆ, ಎರಡನೇ ಬೆಳೆಗೆ ಕಾಲುವೆ ನೀರು ಬಿಡಬಾರದು, ಕುಡಿಯಲು ಉಳಿಸಬೇಕು ಎಂಬ ಪಕ್ಷ ಬಂತು. ಪಿಯುಸಿ ಹುಡುಗಿ, ಎಷ್ಟು ಚೆನ್ನಾಗಿ ಬರೆದಳು! ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು.

ಸಂಜೆ ಅವಳ ಅವ್ವ ಆದಮ್ಮನ ಫೋನು. “ನಾಟಿ ಹಚ್ಚಾಕ ಯಾರೂ ಕರೀವಲ್ರು ಮೇಡಮ್ಮಾರ. ನಿನ್ನ ಮಗಳಿಗೆ ನೀರು ಬ್ಯಾಡಂತಲ್ಲ, ನಿನಗ ಕೂಲಿ ಯಾಕ ಅಂತಾರ.” ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಆ ಸಾಲನ್ನು ಮತ್ತೆ ಹಾಕಿ ಊರಿನವರಿಗೂ ತಿಳಿಸುತ್ತೇನೆಂದೆ. ಅಷ್ಟರಲ್ಲಿ ಮಗಳು ಫೋನ್ ಕಸಿದುಕೊಂಡಳು. “ಅಕ್ಕಾರ, ಚೀಟಿ ಅಂತ ಹೇಳಬ್ಯಾಡ್ರಿ. ಮೊದ್ಲಿಗೆ ಚೀಟಿ ಬಂತಂತ ಬರದೆ. ಬರಕೋತ ಬರಕೋತ ಅದ ಖರೇ ಅನಿಸಾಕತ್ತೈತಿ.”

ಹಿಂದಿನಿಂದ ಅವ್ವನ ದನಿ: “ಹೇಳ್ರೀ ಮೇಡಮ್ಮಾರ, ಹೇಳಿಬಿಡ್ರಿ.”

ಸಾಲು ಸಿದ್ಧವಾಗಿದೆ, ಒಂದು ಬಟನ್ ಒತ್ತಿದರೆ ಸಾಕು. ಒತ್ತಿದರೆ ಆ ಹುಡುಗಿಯ ಮಾತನ್ನು ನಾನೇ ಸುಳ್ಳು ಮಾಡಿದಂತೆ. ಒತ್ತದಿದ್ದರೆ ನಾಳೆ ಬೆಳಿಗ್ಗೆಯೂ ಆದಮ್ಮನನ್ನು ಗದ್ದೆಗೆ ಯಾರೂ ಕರೆಯುವುದಿಲ್ಲ.