ಸಪ್ಪೆ ಕಾಳು ಎಲ್ಲಿ, ಮಾನ್ಯರೇ?

ಇಲಿ ಹತೋಟಿ ಕಚೇರಿಯ ಮುಖ್ಯಾಧಿಕಾರಿಗಳೇ,

ನನಗೆ ಇಲಿ ಕಂಡರೆ ಭಯ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಗೊತ್ತಿದ್ದವಳು ಅಕ್ಕ ಒಬ್ಬಳೇ. ಹೊಲಗಳಲ್ಲಿ ಇಲಿ ಪಾಷಾಣ ಇಡುವ ಹಂಗಾಮಿ ಕೆಲಸಕ್ಕೆ ನಿಮ್ಮ ಕಚೇರಿ ನನ್ನನ್ನು ತೆಗೆದುಕೊಂಡಾಗ ಎಷ್ಟು ಓದಿದ್ದೀಯ ಎಂದು ಕೇಳಿದರು, ಅರ್ಧಕ್ಕೇ ಬಿಟ್ಟೆ ಎಂದೆ. ಇಲಿಗೆ ಹೆದರುತ್ತೀಯಾ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಈ ಬಹಿರಂಗ ಪತ್ರದಲ್ಲಿ ಊರೆಲ್ಲ ಓದುವ ಹಾಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ಇಲಿ ತಿಂದ ಬೆಳೆಗೆ ಪರಿಹಾರ ಕೇಳಿ ಅಕ್ಕ ಹಾಕಿದ ಅರ್ಜಿಯನ್ನು ನೀವು ತಳ್ಳಿಹಾಕಿದ್ದೀರಿ. ಕಾರಣ: ‘ಅರ್ಜಿದಾರರೇ ಸ್ವತಃ ಇಲಿಗಳಿಗೆ ಆಹಾರ ಒದಗಿಸಿರುತ್ತಾರೆ.’ ಒದಗಿಸಿದ್ದು ನಿಜ. ಆದರೆ ಅದು ನನ್ನ ಕೆಲಸವಾಗಿತ್ತು. ಆ ಕೆಲಸ ಹೇಳಿದವರು ನೀವು.

ಎಲ್ಲಿ ಹೇಳಿದೆವು ಎಂದು ಕೇಳಬೇಡಿ. ನಿಮ್ಮದೇ ಕರಪತ್ರದಲ್ಲಿ, ನಗುವ ರೈತನ ಚಿತ್ರದ ಕೆಳಗೆ ಇದೆ. ಬಿಲದ ಬಾಯಿಗಳನ್ನು ಮಣ್ಣಿನಿಂದ ಮುಚ್ಚಿ; ಬೆಳಿಗ್ಗೆ ತೆರೆದುಕೊಂಡ ಬಿಲದಲ್ಲಿ ಇಲಿ ಇದೆ ಎಂದು ತಿಳಿಯಿರಿ. ಅಲ್ಲಿ ಎಣ್ಣೆ ಸವರಿದ ಸಪ್ಪೆ ಕಾಳು, ಅಂದರೆ ವಿಷವಿಲ್ಲದ ಕಾಳು, ಒಂದೆರಡು ದಿನ ಇಡಿ. ಇಲಿಗೆ ಅನುಮಾನ ಹೋದ ಮೇಲೆ ಅದೇ ಕಾಳಿಗೆ ಪಾಷಾಣ ಬೆರೆಸಿ. ತೆನೆ ಬರುವ ಮುಂಚೆಯೇ, ಅಕ್ಕಪಕ್ಕದವರೆಲ್ಲ ಒಟ್ಟಿಗೆ ಮಾಡಿ. ನಾನು ಇದನ್ನು ಓದಿ ಹೇಳಿದಾಗ ಅಕ್ಕ ಭಾವನ ಕಡೆ ನೋಡಿ ನಕ್ಕಳು.

“ಮಾವನ ಮನೆಗೆ ಬಂದ ಹೊಸ ಅಳಿಯನ ಥರ ಅನ್ನು. ಮೊದಲನೇ ದಿನ ಸಾಕು ಸಾಕು ಅಂತಾನೆ, ಮಾರನೇ ದಿನ ಪಾತ್ರೆನೇ ಎಳ್ಕೋತಾನೆ.”

“ನಂಗೇನು ಪಾಷಾಣ ಹಾಕಿದ್ರಾ?” ಅಂದರು ಭಾವ.

“ಹಾಕಿದ್ರೆ ಈ ಹೊಟ್ಟೆ ಬರ್ತಿತ್ತಾ?”

ಆಗ ನಮ್ಮ ಮನೆಯಲ್ಲಿ ಇನ್ನೂ ನಗು ಇತ್ತು.

ಪಾಷಾಣದ ಪೊಟ್ಟಣಗಳು ತಡವಾಗಿ ಬಂದವು, ಗೋಧಿಯ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ. ಸಪ್ಪೆ ಕಾಳು ಬರಲೇ ಇಲ್ಲ. ನಿಮ್ಮ ಉಗ್ರಾಣದವರನ್ನು ಕೇಳಿದೆ.

“ಯಾವ ಕಾಳಯ್ಯಾ?”

“ಮೊದ್ಲು ಇಡೋದು ಸಾರ್. ವಿಷ ಇಲ್ದಿರೋದು.”

“ಇಲಿಗೆ ಊಟ ಹಾಕೋಕಾ ನಾವಿಲ್ಲಿ ಕೂತಿರೋದು? ಕೊಲ್ಲೋಕೆ ಕೊಟ್ಟಿದೀವಿ, ಹೋಗಿ ಕೊಲ್ಲು.”

ಉಳಿದ ಹೊಲದವರು ಹಾಗೇ ಮಾಡಿದರು. ಪೊಟ್ಟಣ ಒಡೆದು, ಕಾಳಿಗೆ ಬೆರೆಸಿ, ಮೊದಲ ದಿನವೇ ನೇರವಾಗಿ ಬಿಲಕ್ಕೆ ಸುರಿದರು. ಅಕ್ಕ ಮಾತ್ರ ಮನೆಯ ಕಣಜದಿಂದ ಕಾಳು ತೆಗೆದು, ಎಣ್ಣೆ ಸವರಿ, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಮೊದಲ ಬಿಲದ ಮುಂದೆ ಕೂತೆ. ಒಳಗೆ ಏನೋ ಸರಿದಾಡಿತು. ಕೈ ಮುಂದೆ ಹೋಗಲಿಲ್ಲ. ಅಕ್ಕ ಬುಟ್ಟಿ ತೆಗೆದುಕೊಂಡು, “ನೀನು ಬಿಲ ತೋರಿಸ್ತಾ ಹೋಗು, ಸಾಕು” ಅಂದಳು. ಪಕ್ಕದ ಹೊಲದಾತ ಬದುವಿನ ಮೇಲೆ ನಿಂತಿದ್ದ.

“ಏನಮ್ಮಾ, ಇಲಿಗಳಿಗೆ ಔತಣನಾ?”

“ಹೂಂ, ನೀವೂ ಬಂದು ಕೂತ್ಕೊಳಿ, ಬಡಿಸ್ತೀನಿ.”

ಎರಡು ದಿನದ ಮೇಲೆ ಅದೇ ಕಾಳಿಗೆ ಪಾಷಾಣ ಬೆರೆಸಿ ಇಟ್ಟಾಗ ನಮ್ಮ ಹೊಲದ ಇಲಿಗಳು ತಿಂದು ಸತ್ತವು. ಪಕ್ಕದ ಹೊಲದವು ಪಾಷಾಣ ಬೆರೆತು ಕಪ್ಪಾದ, ಪರಿಚಯವಿಲ್ಲದ ಕಾಳನ್ನು ಚೂರೇ ಚೂರು ಕಚ್ಚಿ, ಹೊಟ್ಟೆ ಕೆಡಿಸಿಕೊಂಡು ಬದುಕಿದವು. ಆಮೇಲೆ ಪಾಷಾಣದ ಹತ್ತಿರವೂ ಸುಳಿಯಲಿಲ್ಲ. ಖಾಲಿ ಬಿಲ ಸಿಕ್ಕರೆ ಯಾರು ಬಿಡುತ್ತಾರೆ? ಅಕ್ಕನ ಹೊಲಕ್ಕೆ ಸಂಸಾರ ಸಮೇತ ಬಂದು ಇಳಿದವು. ದಂಟುಗಳನ್ನು ಓರೆಯಾಗಿ ಕತ್ತರಿಸಿ ತೆನೆಗಳನ್ನು ಬಿಲಕ್ಕೆ ಎಳೆದುಕೊಂಡವು. ಅಂಚಿನಲ್ಲಿ ನಿಂತರೆ ಈಗಲೂ ತುಂಬಿದ ಹೊಲ. ಒಳಗೆ ನಡೆದರೆ ನಡುವೆಲ್ಲ ಬೋಳು.

ಪರಿಶೀಲನೆಗೆ ಬಂದ ನಿಮ್ಮವರು ಬದುವಿನಿಂದ ಇಳಿಯಲಿಲ್ಲ. ಬೂಟು ಹೊಸದಿತ್ತು. ಪಕ್ಕದ ಹೊಲದಾತನನ್ನು ಕೇಳಿದರು. ಅವನೂ ಪಾಪ, ಸುಳ್ಳು ಹೇಳಲಿಲ್ಲ. “ಕೈಯಾರೆ ತಿನ್ನಿಸಿದ್ಳು ಸಾರ್, ನಾನೇ ನೋಡಿದೀನಿ. ಇಲಿಯಮ್ಮ ಅಂತಾನೇ ಕರೀತೀವಿ.” ನಿಮ್ಮವರು ನಕ್ಕು ಬರೆದುಕೊಂಡರು. ಅದು ಸಪ್ಪೆ ಕಾಳು, ಕರಪತ್ರದಲ್ಲೇ ಇದೆ ಎಂದೆ. “ಸರಿ, ನಿನ್ನ ಕೆಲಸಾನ ಆಯಮ್ಮ ಯಾಕೆ ಮಾಡಿದ್ಲು?” ಎಂದರು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ಅವಳೂ ಹೇಳಲಿಲ್ಲ.

ಅಂದಿನಿಂದ ನಿಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆದಿದೆ. ಒಂದು ಮೇಜಿನವರು ಇನ್ನೊಂದು ಮೇಜು ತೋರಿಸುತ್ತಾರೆ, ಅಲ್ಲಿಯವರು ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅನ್ನುತ್ತಾರೆ. ಬಿಲದ ಬಾಯಿ ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ತೆರೆದುಕೊಂಡು, ಒಳಗೆ ಯಾರೋ ಇದ್ದಾರೆ ಎಂದಾದರೂ ತಿಳಿಸುತ್ತದೆ. ನಿಮ್ಮ ಬಾಗಿಲು, ಮಾನ್ಯರೇ? ಸಿಟ್ಟು ಮಾಡಿಕೊಳ್ಳುವ ತ್ರಾಣವೂ ನನ್ನಲ್ಲಿ ಉಳಿದಿಲ್ಲ. ಸಪ್ಪೆ ಕಾಳು ಕೊಡದವರದು ಉಳಿತಾಯ, ಮನೆಯ ಕಣಜದಿಂದ ಕೊಟ್ಟವಳದು ಅಪರಾಧ ಹೇಗಾಯಿತು? ಕರಪತ್ರದಂತೆ ನಡೆಯುವುದು ತಪ್ಪಾದರೆ ಅದನ್ನು ಅಚ್ಚು ಹಾಕಿಸಿದ್ದೇಕೆ? ನಾನು ಶಾಲೆ ಬಿಟ್ಟವನು. ಓದಿದ್ದನ್ನು ನಂಬುವ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಈ ಪತ್ರ ಬರೆಯುತ್ತೇನೆ ಎಂದಾಗ ಅಕ್ಕ ತಡೆದಳು. “ಬೇಡ ಕಣೋ, ನಾಳೆ ಹೆಣ್ಣು ಕೊಡೋರು ಏನಂತಾರೆ? ಇಲಿಯಮ್ಮ ಅನ್ನಿಸ್ಕೊಂಡು ನಂಗೆ ರೂಢಿಯಾಗಿದೆ.” ನನಗೆ ರೂಢಿಯಾಗಿಲ್ಲ.

ಆದ್ದರಿಂದ ‘ಇಲಿಗಳಿಗೆ ಆಹಾರ ಒದಗಿಸಿರುತ್ತಾರೆ’ ಎಂಬ ಆ ಸಾಲನ್ನು ಹೊಡೆದುಹಾಕಿ. ಅದರ ಜಾಗದಲ್ಲಿ, ಕಚೇರಿ ಸಪ್ಪೆ ಕಾಳು ಕಳಿಸಲಿಲ್ಲ, ಪಾಷಾಣವನ್ನು ತಡವಾಗಿ ಕಳಿಸಿತು, ಕಚೇರಿಯ ಆಳು ಇಲಿಗೆ ಹೆದರಿದ್ದರಿಂದ ಅವನ ಅಕ್ಕ ಅವನ ಕೆಲಸ ಮಾಡಿದಳು ಎಂದು ಬರೆಯಿರಿ. ಕೊನೆಯದನ್ನು ಬೇಕಾದರೆ ದಪ್ಪ ಅಕ್ಷರದಲ್ಲೇ ಬರೆಯಿರಿ. ಆಮೇಲೆ ಯಾರನ್ನಾದರೂ ಹೊಲದ ನಡುವಿನವರೆಗೆ ಕಳಿಸಿ. ಕಟಾವಿಗೆ ಮುಂಚೆಯೇ ಕಳಿಸಿ. ಕೊಯ್ದ ಮೇಲೆ ಎಲ್ಲರ ಹೊಲವೂ ಒಂದೇ ಥರ ಬೋಳಾಗಿ ಕಾಣುತ್ತದೆ. ಅವರಿಗೆ ಬಿಲ ತೋರಿಸಲು ನಾನು ಇರುವುದಿಲ್ಲ, ಅಕ್ಕ ಇರುತ್ತಾಳೆ.

ಇಂತಿ,
ಇಲಿಗೆ ಹೆದರುವ ನಿಮ್ಮ ಇಲಿ ಪಾಷಾಣದ ಆಳು,
ಇಲಿಯಮ್ಮನ ತಮ್ಮ

ದೂರದೂರಿನ ಕಟಾವು ಯಂತ್ರದವರ ಹತ್ತಿರ ಕೆಲಸ ಸಿಕ್ಕಿದೆ. ನಾಳೆ ಹೊರಡುತ್ತೇನೆ.