ಎದುರಿಗೆ ನಿಂತವರ ಅಳತೆ

ಮನೆಯಿಂದ, ಕಿಟಕಿ ಪಕ್ಕದ ಹೊಲಿಗೆ ಮೇಜು
ಹನ್ನೊಂದನೇ ತಾರೀಕು, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಕತ್ತರಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ ಮಗಳೇ? ಹಡಗಿನ ಎಂಜಿನ್ ಸದ್ದಿಗೆ ಕಿವಿ ಗುಂಯ್ ಎನ್ನುತ್ತದೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯೇ? ಹತ್ತಿ ತುರುಕಿಕೊಂಡು ಕೂರಬೇಡ, ಅವರು ಕೊಟ್ಟ ಕಿವಿಮುಚ್ಚಳವನ್ನೇ ಹಾಕಿಕೋ. ಊಟ ಹೇಗಿದೆ ಎಂದು ನಾನು ಕೇಳುವುದಿಲ್ಲ, ನಿನ್ನ ನಾಲಿಗೆಗೆ ಹೆದರಿ ಒಳ್ಳೆಯದನ್ನೇ ಬಡಿಸುತ್ತಿರುತ್ತಾರೆ. ಅಂಗಿ ಬಿಗಿ ಎಂದು ಜಗಳಕ್ಕೆ ಬಂದ ಗಿರಾಕಿಗೆ, ಮೊಳದುದ್ದ ಇದ್ದಾಗಲೇ, "ಅಂಗಿ ಸರಿಯಾಗೇ ಇದೆ, ನಿಮ್ ಹೊಟ್ಟೇನೇ ಹೇಳ್ದಂಗೆ ಕೇಳಿಲ್ಲ" ಎಂದವಳಲ್ಲವೇ ನೀನು? ಅಮ್ಮ ನಿನಗೆ ಕತ್ತರಿ ಎಂದು ಹೆಸರಿಟ್ಟದ್ದು ಅವತ್ತೇ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹಳೇ ಮೆಷಿನ್ನಿನ ಪೆಡಲಿನ ಹಾಗೆ ಕಿರ್ರೆನ್ನುತ್ತದೆ, ಎಣ್ಣೆ ಬಿಟ್ಟರೆ ಸರಿಹೋಗುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನೊಂದು ಸುತ್ತು ಹಡಗಿನಲ್ಲೇ ಇರಲು ಸಹಿ ಹಾಕಲೇ, ಬಂದುಬಿಡಲೇ ಎಂದು ಕೇಳಿದ್ದೀಯ. ಮೊದಲು ಅಮ್ಮನ ಸುದ್ದಿ ಕೇಳು. ಲಕ್ವ ಹೊಡೆದಾಗ ಬಲಗೈ ಹೋಯಿತು, ಮಾತು ಹೋಯಿತು, ಮುಖಗಳ ಗುರುತೂ ಅಳಿಸಿತು. ಫೋನಿನಲ್ಲಿ ನಿನ್ನ ಮುಖ ಕಂಡು ಬೆದರಿ ಅತ್ತಳು, ಆಮೇಲೆ ನಾವು ಆ ಪ್ರಯತ್ನವನ್ನೇ ಬಿಟ್ಟೆವು. ಅದೇ ನಿನ್ನ ಅಮ್ಮ ನಿನ್ನೆ ಎಡಗೈಯಲ್ಲಿ ಒಂದು ಕಾಜಾ ಹೊಲಿದಳು! ಅಂಚು ಸ್ವಲ್ಪ ಸೊಟ್ಟ, ಆದರೆ ಗುಂಡಿ ಸಲೀಸಾಗಿ ತೂರಿತು. ನಾನು ಅಂಗಿಯ ಮರೆಯಲ್ಲಿ ಕಣ್ಣೊರೆಸಿಕೊಂಡೆ. ಮಾತು ಕಲಿಸಲು ಬರುವ ಮೇಡಂ ಮೊದಲ ದಿನವೇ ಹೇಳಿದ್ದರು, "ಮಿದುಳಿಗೆ ಮುಪ್ಪು ಅಂತಿಲ್ಲ ಯಜಮಾನ್ರೇ, ಉಸಿರಿರೋವರೆಗೂ ಹೊಸ ದಾರಿ ಮಾಡ್ಕೋತಾನೇ ಇರತ್ತೆ" ಎಂದು. ನಾನೂ ಲೈಬ್ರರಿಯಿಂದ ಒಂದು ಪುಸ್ತಕ ತಂದು, ಗೊತ್ತಾಗದ್ದನ್ನು ಎರಡೆರಡು ಸಲ ಓದಿದೆ. ನನ್ನ ದರ್ಜಿ ಬುದ್ಧಿಗೆ ತಿಳಿದದ್ದು ಇಷ್ಟು: ಮಿದುಳು ಹೊಸ ಬಟ್ಟೆ ಕೊಳ್ಳಲು ಅಂಗಡಿಗೆ ಹೋಗುವುದಿಲ್ಲ. ಯಾರೂ ತೊಡದೆ ಬಿದ್ದಿರುವ ಅಂಗಿಯನ್ನೇ ಬಿಚ್ಚಿ, ಎದುರಿಗೆ ನಿಂತವರ ಅಳತೆಗೆ ಮತ್ತೆ ಹೊಲಿಯುತ್ತದೆ. ಮೇಡಂ ಹೋಗುವಾಗ ಬಾಗಿಲಲ್ಲಿ ಇನ್ನೊಂದು ಮಾತು ಹೇಳಿದ್ದರು. "ಅದಕ್ಕೆ ಸರಿ ತಪ್ಪು ಗೊತ್ತಾಗಲ್ಲ. ದಿನಾ ಯಾವುದು ಕೇಳತ್ತೋ ಅದೇ ಗಟ್ಟಿಯಾಗತ್ತೆ. ಅಮ್ಮ ತಪ್ಪಿದ್ರೆ ಆಗಿಂದಾಗಲೇ ತಿದ್ದಿ."

ಅಮ್ಮನನ್ನು ನೋಡಿಕೊಳ್ಳುವ ಹುಡುಗಿಯ ಬಗ್ಗೆ ಹಿಂದೆಯೇ ಬರೆದಿದ್ದೆ. ನಿನ್ನದೇ ವಯಸ್ಸು, ಹಿಂದೆ ಮುಂದೆ ಯಾರೂ ಇಲ್ಲದವಳು, ಬಾಯಿಗೆ ಬೆರಳಿಟ್ಟರೆ ಕಚ್ಚಲು ಬಾರದವಳು. ಮಾತು ಮರಳಿದ ಮೊದಲ ವಾರ ಅಮ್ಮ ಅವಳ ಕೆನ್ನೆ ಹಿಡಿದು "ಕತ್ತರಿ" ಎಂದಳು. ಹುಡುಗಿ ಪಾಪ ತಿದ್ದಿದಳು, "ನಾನಲ್ಲಮ್ಮ, ಕತ್ತರಿ ಹಡಗಲ್ಲಿದಾರೆ." ಅಮ್ಮ ಅತ್ತಳು, ಊಟ ಬಿಟ್ಟಳು. ಮರುದಿನವೂ ಅದೇ. ಹೀಗೇ ನಡೆದು ಒಂದು ದಿನ ಹುಡುಗಿ ಸೋತು "ಏನಮ್ಮಾ?" ಎಂದು ಓಗೊಟ್ಟಳು. ಅಮ್ಮ ಅಂದು ಹೊಟ್ಟೆ ತುಂಬ ಉಂಡು, ಮಗುವಿನ ಹಾಗೆ ಮಲಗಿದಳು. ನಾನು ಅಲ್ಲೇ ಇದ್ದೆ, ತಿದ್ದಲಿಲ್ಲ. ಉಂಡವಳ ಬಾಯಿಂದ ತುತ್ತು ಕಿತ್ತುಕೊಳ್ಳುವುದು ಹೇಗೆ, ನೀನೇ ಹೇಳು.

ಅಲ್ಲಿಂದ ಅಮ್ಮ ಓಡುನಡಿಗೆಯಲ್ಲಿ ಸುಧಾರಿಸಿದಳು. ಒಂದು ಪದ ಬಂದರೆ ಅದರ ಬೆನ್ನಿಗೆ ಹತ್ತು ಬಂದವು. ಹಳೆಯದೆಲ್ಲ ನೆನಪಾಗುತ್ತಿದೆ, ನೀನು ಮೆಷಿನ್ನಿನ ಕೆಳಗೆ ಅಡಗಿ ನಿದ್ದೆ ಹೋದದ್ದು, ಶಾಲೆಗೆ ಎರಡು ಬಗೆಯ ಕಾಲುಚೀಲ ಹಾಕಿಕೊಂಡು ಹೋದದ್ದು. ಎಲ್ಲವನ್ನೂ ಆ ಹುಡುಗಿಯ ಮುಖ ನೋಡಿಯೇ ಹೇಳುತ್ತಾಳೆ. ಮೊನ್ನೆ ಇಸ್ತ್ರಿಪೆಟ್ಟಿಗೆ ತಗುಲಿ ನಿನ್ನ ಮಣಿಕಟ್ಟು ಸುಟ್ಟ ಕಥೆ ಬಂತು. ಹುಡುಗಿ ತನ್ನ ಮಣಿಕಟ್ಟನ್ನು ಸವರಿಕೊಂಡು ಅಂದಳು, "ಚಳಿ ಬಂದ್ರೆ ಈಗ್ಲೂ ಚುರುಚುರು ಅನ್ನತ್ತಮ್ಮ." ಆಟಕ್ಕೆ ಹೇಳಿದಳೆಂದು ನಾನು ನಕ್ಕೆ. ಅವಳು ನಗಲಿಲ್ಲ. ನಿನ್ನ ಹಸಿರು ಸ್ವೆಟರನ್ನು ಅಮ್ಮನೇ ಪೆಟ್ಟಿಗೆಯಿಂದ ತೆಗೆಸಿ ಅವಳಿಗೆ ತೊಡಿಸಿದ್ದಾಳೆ, ತೋಳು ಚೂರೂ ಹೆಚ್ಚುಕಮ್ಮಿ ಇಲ್ಲ. ಮೊದಲು ತುಟಿ ಬಿಚ್ಚದವಳು ಈಗ ಗಿರಾಕಿಗಳಿಗೆ ಪಟಪಟ ಉತ್ತರ ಕೊಡುತ್ತಾಳೆ. ನಿನ್ನೆ ಒಬ್ಬರಿಗೆ ಅಂದಳು, "ಬಟ್ಟೆ ಅರ್ಧ ತಂದು ಪ್ಯಾಂಟು ಪೂರ್ತಿ ಕೇಳ್ತೀರಲ್ಲ, ಒಂದೇ ಕಾಲಲ್ಲಿ ಓಡಾಡ್ತೀರಾ?" ಅಮ್ಮ ಬಿದ್ದು ಬಿದ್ದು ನಕ್ಕಳು. ನನ್ನನ್ನು ಯಜಮಾನ್ರೇ ಎನ್ನುತ್ತಿದ್ದವಳು ಯಾವಾಗಿನಿಂದ ಅಪ್ಪಾ ಎನ್ನತೊಡಗಿದಳೋ ನಾನು ಗಮನಿಸಲಿಲ್ಲ. ಈಗಲೂ ಎದುರಿಗೇ ಕೂತು ಹಳೇ ಅಂಗಿಯ ಹೊಲಿಗೆ ಬಿಚ್ಚುತ್ತಿದ್ದಾಳೆ, ಆಗಾಗ ತಲೆಯೆತ್ತಿ ನನ್ನ ಪೆನ್ನು ನೋಡುತ್ತಾಳೆ.

ಆದ್ದರಿಂದ ನೀನು ಚಿಂತೆ ಬಿಡು. ಇಲ್ಲಿ ಎಲ್ಲವೂ ಸುಸೂತ್ರ. ಇನ್ನೊಂದು ಸುತ್ತು ಇರಬೇಕೆನಿಸಿದರೆ ಧಾರಾಳವಾಗಿ ಇರು, ಸಹಿ ಹಾಕು. ಸಮುದ್ರ ನಿನ್ನನ್ನು ತಣ್ಣಗಿಟ್ಟಿರಲಿ, ಎಂಜಿನ್ ನಿನ್ನ ಮಾತು ಕೇಳಲಿ. ಅಮ್ಮನ ಪ್ರೀತಿಯನ್ನೂ ಸೇರಿಸಿ ಕಳಿಸುತ್ತಿದ್ದೇನೆ.

ನೂರು ಕಾಲ ಬಾಳು ಎನ್ನುವ
ನಿನ್ನ ಅಪ್ಪ

ಮಡಿಸುವ ಮುನ್ನ: ಅವಳು ಔಷಧಿ ಅಂಗಡಿಗೆ ಹೋದಳು, ಬೇಗ ಬರೆಯುತ್ತೇನೆ. ಸಹಿ ಹಾಕಬೇಡ. ಮುಂದಿನ ಬಂದರಿನಲ್ಲೇ ಇಳಿದು ಬಾ. ಮೊನ್ನೆ ಅಮ್ಮನಿಗೆ ನಿನ್ನ ಫೋಟೋ ತೋರಿಸಿದೆ. ಈ ಸಲ ಬೆದರಲೂ ಇಲ್ಲ, ಅಳಲೂ ಇಲ್ಲ. "ಯಾರದೋ ಮಗು, ಚೆನ್ನಾಗಿದೆ" ಎಂದು ಮರ್ಯಾದೆಯಿಂದ ಹಿಂದಿರುಗಿಸಿದಳು. ಆ ಹುಡುಗಿಯನ್ನು ಬೈಯಬೇಡ, ಅವಳು ಏನನ್ನೂ ಕದ್ದಿಲ್ಲ, ನಾವೇ ಕೈಯಾರೆ ತೊಡಿಸಿದ್ದು. ನನಗೆ ಭಯವಾಗಿರುವುದು ಅಮ್ಮನ ವಿಷಯಕ್ಕಷ್ಟೇ ಅಲ್ಲ. ಈಗ ಹೊರಡುವಾಗ ಅವಳು "ಯಾರಿಗಪ್ಪಾ ಪತ್ರ?" ಎಂದಳು. "ಹಡಗಲ್ಲಿರೋ ಒಬ್ಬರಿಗೆ" ಎಂದೆ. ನನ್ನ ಬಾಯಿಗೆ ತಾನಾಗಿ ಬಂದದ್ದು ಅದೇ. ನಿನ್ನ ಸುಟ್ಟ ಗಾಯ ಎಡಗೈಯದೋ ಬಲಗೈಯದೋ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ, ಕಣ್ಣು ಮುಚ್ಚಿದರೆ ಅವಳ ಕೈಯೇ ಕಾಣುತ್ತದೆ. ನೀನು ಬಂದಾಗ ಬಾಗಿಲು ತೆರೆದವನು ನಾನೇ ಆಗಿ, "ಯಾರು ಬೇಕಿತ್ತು?" ಎಂದರೆ ಅಳುತ್ತ ನಿಲ್ಲಬೇಡ. ಕೈ ತೋರಿಸು, ಬಾಯಿಗೆ ಬಂದ ಹಾಗೆ ಬೈ, ಆಗಿಂದಾಗಲೇ ತಿದ್ದು. ಮೆಟ್ಟಿಲ ಮೇಲೆ ಸದ್ದು, ನೀನು ಬಂದೆ ಅನ್ನಿಸುತ್ತದೆ