ಥರ್ಮಾಮೀಟರಿನ ಹಿಂದೆ ಒದ್ದೆ ಬೈರಾಸು

ಏಪ್ರಿಲ್ 17, ಗುರುವಾರ

ಹೇಸಿಗೆಯಾಗುತ್ತಿದೆ. ಊಟವೂ ಸೇರಲಿಲ್ಲ.

ಮಧ್ಯಾಹ್ನ ಕೊಟ್ಟಿಗೆ ಗೋಡೆಯ ಥರ್ಮಾಮೀಟರ್ ಮೂವತ್ತಮೂರು ತೋರಿಸಿತು. ಅಂಗಿ ಬೆನ್ನಿಗೆ ಅಂಟಿತ್ತು, ದನಗಳು ಬಾಯಿ ತೆರೆದು ಏದುತ್ತಿದ್ದವು. ಆದರೂ ಮೂವತ್ತಮೂರೆಂದೇ ಪುಸ್ತಕದಲ್ಲಿ ಬರೆದು ರೈತರ ವಾಟ್ಸಾಪ್ ಗುಂಪಿಗೂ ಹಾಕಿದೆ. ಅಪ್ಪನ ಕಾಲದಿಂದ ಮಳೆ, ಸೆಕೆ ಬರೆದಿಡುವ ಪುಸ್ತಕ. ಮೈಗಿಂತ ಥರ್ಮಾಮೀಟರನ್ನೇ ನಂಬಿ ಅಭ್ಯಾಸ.

ಸಂಜೆ ಧೂಳು ಒರೆಸಲು ಅದನ್ನು ತೆಗೆದರೆ, ಹಿಂದೆ ಮಡಚಿ ಸಿಕ್ಕಿಸಿದ, ಮೈ ಒರೆಸುವ ಒದ್ದೆ ಬೈರಾಸು. ಹಸಿರು ಗೆರೆಯದ್ದು, ಹೆಂಡತಿಯ ತಮ್ಮ ಲತೀಶನದು. ಅದರ ತಂಪಿಗೇ ಅಂಕಿ ಇಳಿದದ್ದು. ಪಕ್ಕದ ಮನೆಯವರನ್ನು ಕೇಳಿದರೆ, ನಾನು ಗುಂಪಿಗೆ ಹಾಕುವ ಅಂಕಿಯ ಮೇಲೆ ಕಾಣಿಯೂರು ಪೇಟೆಯಲ್ಲಿ ಬಾಜಿ ನಡೆಯುತ್ತದಂತೆ, ಇವನೂ ಕಟ್ಟುತ್ತಾನಂತೆ. ನನಗೇ ಗೊತ್ತಿರಲಿಲ್ಲ.

"ಎಂತ ಮಾರಾಯ ಇದು?" ಎಂದೆ.

ಅವನು ಮೊಬೈಲಿನಿಂದ ತಲೆಯೆತ್ತಲಿಲ್ಲ. "ದೊಡ್ಡ ದೊಡ್ಡ ಊರಿನ ಸೆಕೆಗೆ ಆ್ಯಪಲ್ಲೇ ಬೆಟ್ ಕಟ್ತಾರೆ ಭಾವ. ಮಳೆಯೆಂತ ನಿಮ್ಮ ಪುಸ್ತಕ ನೋಡಿ ಬರುದಾ?"

ಒಳಗಿನಿಂದ ಹೆಂಡತಿಯೂ ನಕ್ಕಳು.

ಮೂವತ್ತಮೂರನ್ನು ಹೊಡೆದು ಹಾಕಿದೆ. ಬದಲಿಗೆ ಏನು ಬರೆಯುವುದೆಂದು ತಿಳಿಯದೆ ಜಾಗ ಖಾಲಿ ಬಿಟ್ಟೆ. ಅಪ್ಪ ಸತ್ತ ದಿನವೂ ಖಾಲಿ ಬಿಟ್ಟಿರಲಿಲ್ಲ.

ಲತೀಶ ಬಂದು ಇಂದಿಗೆ ಎಂಟು ದಿನ. ಮೇಲಿನ ಏಳು ಅಂಕಿಗಳನ್ನು ನೋಡುತ್ತಾ ಕೂತಿದ್ದೇನೆ.